ನಾವು ಫೆಲ್ಡರ್‌ಹೋಫ್ ಮನಿಯವರು

ನಾಗಪುರದ ಲಕ್ಷ್ಮೀ ನಗರದಾಗ ನಮ್ಮದು ಎರಡು ಖೋಲಿ, ಒಂದು ಅಡಿಗಿಮನಿ, ಒಬ್ಬರು ಹೊರಗ ನಿಂತ್ರ ಇನ್ನೊಬ್ಬರು ಒಳಗ ಬರಬೇಕು ಅನ್ನೋವಂಥಾ ಒಂದು ಗ್ಯಾಲರಿ ಇದ್ದ ಬಾಡಿಗಿ ಮನಿ. ಬಾಗಲದ ಮ್ಯಾಲೆ ಹಿತ್ತಾಳಿ ಫಲಕ. ಅದರಾಗ ನಮ್ಮಪ್ಪನ ಹೆಸರು: ಶಿವಪ್ಪ ಫೆಲ್ಡರ್‌ಹೋಫ್. ಫಲಕದ ಕೆಳಗ ಲಿಂಬಿಹಣ್ಣು, ಹಸಿಮೆಣಸಿನಕಾಯಿ ಸರ. ಅದರ ಕೆಳಗ ಅವ್ವನ ರಂಗೋಲಿ, ರಂಗೋಲಿ ನಟ್ಟನಡುವ ನನ್ನ ಚಪ್ಪಲಿ. ಹೊಸದಾಗಿ ಬಂದ ಕುರಿಯರ್ ಹುಡುಗರು ಆ ಫಲಕ ಓದಿ ಗಾಬರಿಯಾಗಿ, ಅಂಗಿ ಗುಂಡಿ ಹಾಕ್ಕೊಂಡು, ಗಂಟಲಾ ಸರಿ ಮಾಡ್ಕೊಂಡು ಬೆಲ್ ಒತ್ತೋರು. ಬಾಗಲಾ ತೆಗಿಯೋಕಿ ನಮ್ಮವ್ವ. ಹಣಿತುಂಬ ವಿಭೂತಿ, ಮೊಣಕೈತನಕ ಜ್ವಾಳದ ಹಿಟ್ಟು.

“ಮೇಡಮ್, ಸಾಬ್ ಹೈಂ ಕ್ಯಾ? ಅಂಗ್ರೇಜ್ ಸಾಬ್?”

“ಮೀಚ್ ಫೆಲ್ಡರ್‌ಹೋಫ್. ಕುಠೇ ಸಹೀ ಕರೂ, ಸಾಂಗ್.”

ನಾನೇ ಫೆಲ್ಡರ್‌ಹೋಫ್, ಎಲ್ಲಿ ಸಹಿ ಮಾಡ್ಲಿ ಹೇಳು ಅಂತ ಅವ್ವ ಮರಾಠಿಯಾಗ ಕೇಳಿ ಹಿಟ್ಟಿನ ಕೈ ಚಾಚಿದ್ರ ಆ ಹುಡುಗರ ಮಾರಿ ನೋಡಬೇಕಿತ್ತು. ಒಬ್ಬಂವ ಅಂತೂ ಮೆಟ್ಟಲಾ ಇಳದು ಹೋಗಿ ಗೇಟಿನ ನಂಬರ್ ಇನ್ನೊಮ್ಮೆ ಓದ್ಕೊಂಡು ಬಂದ. ಸಾಲಿಯಾಗ ನನ್ನ ಫಜೀತಿ ಇನ್ನೂ ದೊಡ್ಡದು. ಮೊದಲನೇ ದಿವಸ ಟೀಚರ್ ಹಾಜರಿ ಕರಿಯಾಕ ಹತ್ತಿದ್ರು. ದೇಶಪಾಂಡೆ, ಗಾವಂಡೆ, ಜೋಶಿ ಅಂತ ಗಾಡಿ ಛಲೋ ಓಡ್ತಿತ್ತು, ಒಮ್ಮೆಲೇ ಬ್ರೇಕ್ ಬಿತ್ತು. ಟೀಚರ್ ‘ರೇಣುಕಾ’ ಅಂದ್ರು, ಆಮ್ಯಾಲೆ ‘ಫೆ’ ಅಂದ್ರು, ‘ಫೆಲ್’ ಅಂದ್ರು, ಕೆಮ್ಮಿದ್ರು, ನೀರು ಕುಡಿದ್ರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ಹೊಟ್ಟಿ ಹಿಡಕೊಂಡು ನಕ್ಕೆ. ಅಂಥಾ ಹೆಸರು ಹೊತ್ತ ದುರ್ದೈವಿ ಯಾರಪಾ ಅಂತ ಹಿಂದ ತಿರುಗಿನೂ ನೋಡಿದೆ. ಯಾರೂ ಕೈ ಎತ್ತಲಿಲ್ಲ. ಮನಿಯಾಗ ನಾನು ಬರೇ ರೇಣಿ. ಆ ಹೆಸರು ಅಪ್ಪಂದು, ಬಾಗಲದ್ದು ಅಂತ ಗೊತ್ತಿತ್ತು, ನಂದೂ ಹೌದು ಅಂತ ಯಾರೂ ಹೇಳಿರಲಿಲ್ಲ. ಕಡೀಕ ಟೀಚರ್ ನನ್ನ ಚೀಲದ ಮ್ಯಾಲಿನ ಚೀಟಿ ಓದಿ ನನ್ನ ಎಬ್ಬಿಸಿ ನಿಲ್ಲಿಸಿದಾಗ ನನಗಾದ ಆಘಾತದಾಗಿಂದ ನಾನು ಇನ್ನೂ ಪೂರಾ ಹೊರಗ ಬಂದಿಲ್ಲ. ಅವತ್ತು ಒಂದು ಪಾಠ ಕಲತೆ. ಈ ಹೆಸರು ಇಟ್ಕೊಂಡು ಬದುಕಬೇಕಂದ್ರ ಬ್ಯಾರೆಯವರು ನಗೋಕಿಂತ ಮೊದಲ ನಾನೇ ನಗಬೇಕು. ಇವತ್ತಿಗೂ ನನ್ನ ದಂಧೆ ಅದೇ ಐತಿ.

ಆದ್ರ ಅಪ್ಪಗ ಅದರಾಗ ನಗೋವಂಥಾದ್ದು ಏನೂ ಕಾಣ್ತಿರಲಿಲ್ಲ. ಅಪ್ಪ ರೈಲ್ವೆ ಇಂಜಿನ್ ಶೆಡ್ಡಿನ್ಯಾಗ ಫಿಟ್ಟರ್. ಅಪ್ಪನ ಅಪ್ಪನೂ ರೈಲ್ವೆಯಂವ, ಹುಬ್ಬಳ್ಳಿಂದ ವರ್ಗ ಆಗಿ ನಾಗಪುರಕ್ಕ ಬಂದು, ನಾನು ಹುಟ್ಟೋಕಿಂತ ಮೊದಲೇ ತೀರ್ಕೊಂಡಿದ್ದ. ಅಂವ ಅಪ್ಪಗ ಬಿಟ್ಟು ಹೋದ ಆಸ್ತಿ ಅಂದ್ರ ಒಂದು ಕತಿ. ಮನಿಗೆ ಯಾರೇ ಬರಲಿ, ಚಹಾದ ಕಪ್ಪು ಕೈಗೆ ಕೊಟ್ಟು, ಅವರು ಎದ್ದು ಹೋಗದಂಗ ನೋಡ್ಕೊಂಡು ಅಪ್ಪ ಸುರು ಮಾಡೋದು. ಬೆಟಗೇರಿಯ ಹತ್ತಿ ಗಿರಣಿಗೆ ಯಂತ್ರ ಕೂಡಸಾಕ ಜರ್ಮನಿಯಿಂದ ಫೆಲ್ಡರ್‌ಹೋಫ್ ಅನ್ನೋ ಇಂಜಿನಿಯರ್ ಬಂದಿದ್ದ. ಅಂವಗ ಚಳಿಜ್ವರ ಬಂದು ಸಾಯಾಂಗ ಆದಾಗ ಅಪ್ಪನ ಅಜ್ಜ ಬಸಪ್ಪ ಹಗಲೂ ರಾತ್ರಿ ಕುಂತು ಕಷಾಯ ಕುಡಿಸಿ ಉಳಿಸಿದ. ಮಕ್ಕಳಿಲ್ಲದ ಆ ಸಾಹೇಬ ಎದ್ದು ಕುಂತು, ಬಸಪ್ಪನ್ನ ಅಪ್ಪಿಕೊಂಡು, ‘ಇವತ್ತಿಂದ ನೀ ನನ್ನ ಮಗ, ನನ್ನ ಹೆಸರು ನಿಂದು’ ಅಂದ. ಕತಿ ಹೇಳಿದಾಗೊಮ್ಮೆ ಬೆಳೀತಿತ್ತು. ಮೊದಲ ಸಾಹೇಬನ ಹಂತ್ಯಾಕ ಸೈಕಲ್ ಇತ್ತು, ಆಮ್ಯಾಲೆ ಕುದುರಿ ಬಂತು, ನಾನು ಏಳನೇ ಇಯತ್ತೆಗೆ ಬರೋದ್ರಾಗ ಮೋಟಾರ್ ಬಂದಿತ್ತು. ಸಾಲಿಯಾಗ ನಾನು ಹೇಳೋ ಕತಿಯೊಳಗ ಒಂದು ಹುಲಿನೂ ಇತ್ತು. ಸಾಹೇಬನ್ನ ಹುಲಿ ಬಾಯಾಗಿಂದ ಬಿಡಿಸಿದ್ದು ನಮ್ಮ ಮುತ್ತಜ್ಜ. ಬೆಟಗೇರಿಯಾಗ ಹುಲಿ ಎಲ್ಲಿಂದ ಬಂತು ಅಂತ ಕೇಳೋವಷ್ಟು ಭೂಗೋಳ ನನ್ನ ಗೆಳತ್ಯಾರಿಗೆ ಗೊತ್ತಿರಲಿಲ್ಲ, ನನಗೂ ಇರಲಿಲ್ಲ.

ಹೆಸರು ಜರ್ಮನ್ ಆದ ಮ್ಯಾಲೆ ಮನಿನೂ ಜರ್ಮನ್ ಆಗಬೇಕಲ್ಲ. ಚಪ್ಪಲಿ ಸಾಲಾಗಿ ಇರಬೇಕು, ಗಡಿಯಾರ ಹೊಡದ ಕೂಡ್ಲೇ ತಾಟು ಬೀಳಬೇಕು, ಐತವಾರ ಮಧ್ಯಾಹ್ನ ಎಲ್ಲಾರೂ ಫೋರ್ಕಿಂದ ಉಣ್ಣಬೇಕು. ಕಟಕ್ ರೊಟ್ಟಿನ ಫೋರ್ಕಿಂದ ತಿನ್ನೋ ಪ್ರಯತ್ನ ನೀವು ಮಾಡಿದೀರೇನು? ಮಾಡಬ್ಯಾಡ್ರಿ. ನಾನು ಚುಚ್ಚಿದ ಕೂಡ್ಲೇ ರೊಟ್ಟಿ ಸಿಡದು, ಅದರ ಒಂದು ತುಂಡು ಬಾಂಬಿನಂಗ ಹಾರಿ ಕೂಲರಿನ ಜಾಳಿಗಿಯೊಳಗ ಹೋತು. ಮುಂದಿನ ಎರಡು ದಿವಸ ಕೂಲರ್ ತಂಪು ಗಾಳಿ ಜೋಡಿ ಜ್ವಾಳದ ವಾಸನಿನೂ ಬೀಸ್ತಿತ್ತು. ಅವ್ವ ಗದಗಿನ ಹೆಣ್ಣುಮಗಳು, ಆಕಿ ಬಾಯಿಗೆ ಯಾವ ದೇಶದ ಕಾಯದೇನೂ ನಡೀತಿರಲಿಲ್ಲ.

“ನಿಮ್ಮ ಜರ್ಮನಿಯೊಳಗ ಗಂಡಸರು ಉಳ್ಳಾಗಡ್ಡಿ ಹೆಚ್ಚೂದಿಲ್ಲೇನ್ರಿ? ಆ ಕಾಯದೆ ಯಾವಾಗ ತರ್ತೀರಿ?”

“ನಗಬ್ಯಾಡ. ರಕ್ತದಾಗ ಶಿಸ್ತು ಇರಬೇಕು.”

“ದತ್ತಕ ಹೋದವರಿಗೆ ರಕ್ತ ಎಲ್ಲಿಂದ ಬಂತ್ರಿ? ಬರೇ ಹೆಸರು ಬಂದೈತಿ.”

ಇಷ್ಟೆಲ್ಲಾ ನಡಿಯೋವಾಗ ಒಂದೂ ಮಾತಾಡದಾಕಿ ಅಂದ್ರ ಆಯಿ, ಅಂದ್ರ ಅಪ್ಪನ ತಾಯಿ, ನಮ್ಮಜ್ಜಿ. ನಾಗಪುರದಾಗ ಆಯಿ ಅಂದ್ರ ತಾಯಿ, ಅದಕ್ಕ ನಮ್ಮವ್ವಗ ಎಂಬತ್ತು ವರ್ಷ ಅಂತ ನನ್ನ ಗೆಳತ್ಯಾರು ಭಾಳ ದಿವಸ ತಿಳಕೊಂಡಿದ್ರು, ನನ್ನ ಕಂಡ್ರ ಅಯ್ಯೋ ಪಾಪ ಅಂತಿದ್ರು. ಆಯಿ ಅಡಿಗಿಮನಿ ಬಾಗಲದಾಗ ಗ್ವಾಡಿಗೆ ಆತುಗೊಂಡು ಕುಂತು ಎಲಿ ಅಡಕಿ ಹಾಕ್ಕೋತಿದ್ಳು. ಅಪ್ಪ ಇಂಜಿನಿಯರ್ ಕತಿ ಸುರು ಮಾಡಿದ್ರ ಸಾಕು, ಬಾಯಿತುಂಬ ತಾಂಬೂಲ ತುಂಬಿಕೊಂಡು ಬಿಡ್ತಿದ್ಳು. ಆಕಿದು ಮನಿಯಾಗ ಒಂದೇ ಕೆಲಸ, ಎಲ್ಲಾರ ಕೂದಲಾ ಕತ್ತರಿಸೋದು. ನಮ್ಮ ಮನಿಯವರು ಯಾರೂ ಸಲೂನ್ ಮೆಟ್ಟಲಾ ಹತ್ತಿದವರಲ್ಲ. ಹಳೇ ಸೀರಿ ಕುತ್ತಿಗಿಗೆ ಸುತ್ತಿ, ಗ್ಯಾಲರಿಯೊಳಗ ಕುಂಡರಿಸಿ, ಆಯಿ ಕತ್ತರಿ ಹಿಡದ್ರ ಗೆರಿ ಹೊಡದಂಗ ಆಗ್ತಿತ್ತು. ನಾನು ತಲಿ ಅಲ್ಲಾಡಿಸಿ ಒಂದು ಸಲ ನನ್ನ ಮುಂಗೂದಲಾ ಅರ್ಧ ಹಣಿಗೆ ನಿಲ್ಲೂವಂಗ ಮಾಡ್ಕೊಂಡಿದ್ದೆ, ಅದು ನನ್ನ ತಪ್ಪು, ಕತ್ತರಿದಲ್ಲ. ಎಲ್ಲಾರ ಅಜ್ಜ್ಯಾರಿಗೂ ಇದು ಬರ್ತೈತಿ ಅಂತ ನಾನು ತಿಳದಿದ್ದೆ. ಈ ತಲಿಯಾಗ ಬರೇ ಕೂದಲಾ ಇದ್ದವು ಅನ್ನೋದಕ್ಕ ಇನ್ನೊಂದು ಸಾಕ್ಷಿ ಬ್ಯಾಡ.

ಈಗ ಹೇಳಬೇಕಾದ ಮಾತು ಅಂದ್ರ ಕನ್ನಡ ಬಳಗದ್ದು. ರೈಲ್ವೆಯವರು, ಮಿಲಿಟ್ರಿಯವರು, ಬ್ಯಾಂಕಿನವರು ಅಂತ ಊರಾಗಿದ್ದ ಕನ್ನಡ ಮಂದಿ ತಿಂಗಳಿಗೊಮ್ಮೆ ಕೂಡ್ತಿದ್ರು. ಹೊಸಬರು ಬಂದ್ರ ಮೊದಲ ಯಾವ ಊರು ಅಂತ ಕೇಳೋದು. ಎರಡನೇ ಪ್ರಶ್ನಿ ಕೇಳೋದು ಪಾಟೀಲ ಕಾಕಾ. ಬಳಗದ ಅಧ್ಯಕ್ಷರು, ಮಾತು ಭಾಳ ಸವಿ, ಜರದ ರುಮಾಲು, ನುಣ್ಣನ ಗಲ್ಲ. ‘ಅಲ್ರೀ, ನೀವು ಯಾವ ಪೈಕಿ?’ ಅಂತಿದ್ರು. ಅಂದ್ರ ಯಾವ ಜಾತಿ, ಅದರಾಗ ಯಾವ ಒಳಪಂಗಡ ಅಂತ. ಕೇಳಿಸ್ಕೊಂಡವರ ಮಾರಿ ಆ ಕ್ಷಣದಾಗ ಒಂದೀಟು ಸಣ್ಣದಾಗ್ತಿತ್ತು. ಅಪ್ಪಗ ಮಾತ್ರ ಆ ಪ್ರಶ್ನಿ ಬರ್ತಿರಲಿಲ್ಲ. ‘ಫೆಲ್ಡರ್‌ಹೋಫ್’ ಅಂದ ಕೂಡ್ಲೇ ಕಾಕಾನ ಬಾಯಿ ತೆರದಿದ್ದು ತೆರದಂಗೇ ಉಳೀತಿತ್ತು, ಆ ಸಂದಿಯೊಳಗ ಅಪ್ಪ ಇಂಜಿನಿಯರನ್ನ ತುರುಕಿ ಬಿಡ್ತಿದ್ದ. ಅಪ್ಪ ಎಷ್ಟೋ ವರ್ಷ ಬಳಗದಾಗ ಕುರ್ಚಿ ಹಾಕಿದ, ಬ್ಯಾನರ್ ಕಟ್ಟಿದ, ಮೈಕಿನ್ಯಾಗ ಹಲೋ ಹಲೋ ಅಂದ. ವೇದಿಕಿ ಮ್ಯಾಲೆ ಕುಂದರಬೇಕು ಅನ್ನೋದು ಅಂವನ ಜೀವದ ಆಸೆ. ಆ ವರ್ಷ ಕಾಕಾ ತಾವೇ ಅಂದಿದ್ರು, ‘ಮುಂದಿನ ಕಮಿಟಿಯೊಳಗ ನಮ್ಮ ಜರ್ಮನ್ ಸಾಹೇಬ್ರು ಇರಬೇಕು’ ಅಂತ. ಅಪ್ಪ ಅವತ್ತು ಮನಿಗೆ ಬಂದು ಗಡಿಯಾರ ಹೊಡಿಯೋಕಿಂತ ಮೊದಲೇ ಊಟಾ ಮಾಡಿದ.

ಹಂಗಿದ್ದಾಗ ನಾನು ಅಪ್ಪನ ಹೆಸರಿಲೆ ಫೇಸ್‌ಬುಕ್ ಖಾತೆ ತೆರದೆ. ನಾನು ಆಗ ಒಂಬತ್ತನೇ ಇಯತ್ತೆ, ಬುದ್ಧಿ ಎರಡನೇದು. ವಾರ ಕಳದಿರಲಿಲ್ಲ, ಜರ್ಮನಿಯಿಂದ ಒಂದು ಸಂದೇಶ ಬಂತು. ಬರದಂವನ ಹೆಸರು ಉಲ್ರಿಖ್ ಫೆಲ್ಡರ್‌ಹೋಫ್. ಆ ಹೆಸರು ಅಕ್ಷರ ಅಕ್ಷರ ಕೂಡಿಸಿ ಇನ್ನೊಮ್ಮೆ ಓದಿದೆ. ಅಂದ್ರ ಅಂಥಾ ಹೆಸರಿನವರು ಖರೇನೇ ಇರ್ತಾರ! ಅಂವ ನಿವೃತ್ತ ಮಾಸ್ತರ. ಮದುವಿ ಇಲ್ಲ, ಮಕ್ಕಳಿಲ್ಲ. ತನ್ನ ಅಡ್ಡಹೆಸರಿನವರು ಜಗತ್ತಿನ್ಯಾಗ ಎಲ್ಲೆಲ್ಲಿ ಅದಾರ ಅಂತ ಹುಡುಕೋದೇ ಅಂವನ ಕೆಲಸ. ಅಂವ ಮತ್ತ ಅಂವನ ಮುದುಕಿ ಅತ್ತಿ, ಇಬ್ಬರೇ ಉಳದಾರಂತ. ನೀವು ಎಷ್ಟು ಮಂದಿ ಇದ್ದೀರಿ ಅಂತ ಕೇಳಿದ್ದ. ಅಪ್ಪ ಹೇಳಿದಂಗ ನಾನು ಉತ್ತರ ಬರದೆ, ಆದ್ರ ಅಪ್ಪ ಹೇಳಿದಷ್ಟಕ್ಕ ನಿಂತ್ರ ನಾನು ನಾನೇ ಅಲ್ಲ. ಸಾವನೇರದ ಕಲ್ಲಿದ್ದಲ ಗಣಿಯಾಗ ನಮ್ಮ ಕಾಕಾ, ಕಾಕಾನ ಮಕ್ಕಳು, ಮೌದಾದ ಕರೆಂಟಿನ ಸ್ಥಾವರದಾಗ ನಮ್ಮ ದೊಡ್ಡಪ್ಪನ ಮಗ, ಹುಬ್ಬಳ್ಳಿಯಾಗ ಇನ್ನೊಂದು ಹಿಂಡು ಅಂತ ಸಾಮ್ರಾಜ್ಯನೇ ಕಟ್ಟಿದೆ. ಮೌದಾದ ಅಣ್ಣನ ಎಮ್ಮಿ ಗೌರಿನೂ ಲೆಕ್ಕಕ್ಕ ಹಿಡದೆ, ಆಕಿ ಹೆಸರಿನ ಮುಂದೂ ಫೆಲ್ಡರ್‌ಹೋಫ್ ಬರದೆ. ನಾಗಪುರದ ಹವಾ ಹೆಂಗಿರ್ತೈತಿ ಅಂತ ಕೇಳಿದ್ದಕ್ಕ, ಮೇ ತಿಂಗಳು ಭಾಳ ಹಿತ ಅಂತ ಹೇಳಿದೆ. ಸೂಟಿ ಇರ್ತೈತಿ, ಮಾವಿನಹಣ್ಣು ಇರ್ತೈತಿ, ನನಗ ಅದು ಹಿತಾನೇ. ಪಾಪ, ಅಂವ ನಂಬಿ ಮೇ ತಿಂಗಳಾಗೇ ಬಂದ.

ಅಂವ ಬಂದ ದಿವಸ ರಸ್ತೆದಾಗ ಕಾಗಿನೂ ಹಾರ್ತಿರಲಿಲ್ಲ. ಆಟೋದಿಂದ ಇಳದಂವ ಉದ್ದಕ್ಕ ಕರೆಂಟಿನ ಕಂಬ, ಬಣ್ಣ ಬೀಟ್‌ರೂಟ್. ಬಾಗಲದಾಗ ಬಗ್ಗಲಿಲ್ಲ, ಲಿಂಬಿ ಮೆಣಸಿನಕಾಯಿ ಸರ ಹಣಿಗೆ ಬಡೀತು, ಮೆಣಸಿನಕಾಯಿ ಕಣ್ಣಿಗೆ ತಾಕಿತು. ನಮ್ಮ ವಂಶದ ಮೂಲಪುರುಷ ಕಣ್ಣೀರು ಸುರಿಸ್ಕೋತ ನಮ್ಮ ಮನಿ ಹೊಕ್ಕ. ಅದು ಪ್ರೇಮದ ಕಣ್ಣೀರು ಅಂತ ಅಪ್ಪ ತಿಳದು ತಾನೂ ಅತ್ತ. ಅಪ್ಪ ಆ ಬಿಸಿಲಾಗ ಕೋಟು ಹಾಕಿದ್ದ. ಸಾಕ್ಷಿಗೆ ಅಂತ ಪಾಟೀಲ ಕಾಕಾನೂ ಊಟಕ್ಕ ಕರದಿದ್ದ. ಅವ್ವ ಹೋಳಿಗಿ, ಮಾವಿನ ಶೀಕರಣಿ, ಎಣ್ಣಿಗಾಯಿ ಮಾಡಿದ್ಳು. ಸಾಹೇಬಗ ಇಂಗ್ಲಿಷ್ ಬರ್ತಿತ್ತು, ನನಗ ಬರ್ತೈತಿ ಅಂತ ಮನಿಯವರ ನಂಬಿಕಿ, ಅದಕ್ಕ ನಾನೇ ದುಭಾಷಿ. ಅಂವ ಮೊದಲ ಕೇಳಿದ್ದು, ‘ಗೌರಿ ಯಾಕ ಬಂದಿಲ್ಲ?’ ಅಂತ. ಮೈ ಛಲೋ ಇಲ್ಲ ಅಂದೆ. ಸುಳ್ಳಲ್ಲ, ಎಮ್ಮಿಗೆ ಬ್ಯಾಸಿಗಿ ಆಗಿಬರೂದಿಲ್ಲ.

ಉಂಡ್ಕೋತ ಸಾಹೇಬ ಚೀಲದಾಗಿಂದ ಒಂದು ದೊಡ್ಡ ಹಾಳಿ ತೆಗದು ನೆಲದ ಮ್ಯಾಲೆ ಬಿಡಿಸಿದ. ವಂಶದ ಗಿಡ. ಟೊಂಗಿ ಟೊಂಗಿಗೆ ಹೆಸರು, ಎಲ್ಲಾ ಟೊಂಗಿನೂ ಅಲ್ಲಲ್ಲೇ ಮುಗದಿದ್ದುವು. ಒಂದು ಮೂಲಿಯಾಗ ನಾಗಪುರ ಅಂತ ಬರದು, ಅಲ್ಲೀತನಕ ಚುಕ್ಕಿ ಚುಕ್ಕಿ ಗೆರಿ ಎಳದಿದ್ದ. ಹೆಸರಿನ ಅರ್ಥನೂ ಹೇಳಿದ. ಭಾಳ ಹಿಂದ ಅವರ ಹಿರ್ಯಾರು ಹೊಲದ ನಡುವಿನ ಒಂದು ಮನಿಯಾಗ ಇದ್ರಂತ, ಊರವರು ಅದನ್ನೇ ಹೆಸರು ಮಾಡಿ ಕರದ್ರಂತ.

“ಅಯ್ಯ, ಇಷ್ಟೇ ಏನು! ನಮ್ಮ ಕಡೆ ಹೊಲದಮನಿ ಅನ್ನೋರು ಎಷ್ಟು ಮಂದಿ ಅದಾರ” ಅಂದ್ಳು ಅವ್ವ, ಅಂವನ ತಾಟಿಗೆ ಇನ್ನೊಂದು ಹೋಳಿಗಿ ಹಾಕಿ. “ಮೆಣಸಿನಕಾಯಿ, ಬೆಣ್ಣಿ, ಗಡಿಯಾರ ಅನ್ನೋ ಅಡ್ಡಹೆಸರೂ ಅದಾವು. ಮನಿಯಾಗ ಏನಿರ್ತೈತಿ ಅದೇ ಹೆಸರು.”

ಅಪ್ಪಗ ಆ ಹೊಲ, ಮೆಣಸಿನಕಾಯಿ ಬ್ಯಾಡಾಗಿತ್ತು. ಕೋಟು ಜಗ್ಗಿ ಸರಿ ಮಾಡ್ಕೊಂಡು, ಕಾಕಾನ ಕಡೆ ಒಮ್ಮೆ ನೋಡಿ, ಇಂಜಿನಿಯರ್ ಕತಿ ಸುರು ಮಾಡಿದ. ನಾನು ಉತ್ಸಾಹದಾಗ ಇಂಗ್ಲಿಷಿಗೆ ತಂದೆ. ಹುಲಿ ಬರೋದ್ರಾಗಿತ್ತು, ಹೆಂಗೋ ತಡದೆ. ಸಾಹೇಬ ತಿನ್ನೋದು ಬಿಟ್ಟ. ಮೆಲ್ಲಕ ತಲಿ ಅಲ್ಲಾಡಿಸಿದ. ಅಂವ ಹೇಳಿದ್ದನ್ನ ನಾನು ಒಂದೊಂದೇ ಮಾತು ಕನ್ನಡದಾಗ ಹೇಳ್ಕೋತ ಹೋದೆ, ಹೇಳಿದಂಗ ನನ್ನ ದನಿ ಇಳೀತಾ ಹೋತು. ಫೆಲ್ಡರ್‌ಹೋಫ್ ಮನೆತನದಾಗ ಇಂಜಿನಿಯರ್ ಯಾರೂ ಆಗಿಲ್ಲ. ಹಿಂದುಸ್ತಾನಕ್ಕ ಯಾರೂ ಬಂದಿಲ್ಲ. ತಾನು ಇಪ್ಪತ್ತು ವರ್ಷದಿಂದ ಹುಡುಕೇನಿ, ಎಲ್ಲಾರದೂ ಹುಟ್ಟು ಸಾವು ಒಂದೇ ಹಳ್ಳದ ದಂಡಿಗೆ ಆಗೈತಿ. ಅಲ್ಲಿ ನೀರಿನ ಗಾಲಿ ಹಚ್ಚಿದ ಒಂದು ಶೆಡ್ಡಿನ್ಯಾಗ ಅವರು ಮಾಡ್ತಿದ್ದದ್ದು ಒಂದೇ ಕೆಲಸ. ಅದಕ್ಕೇ ನಾಗಪುರದ ಹೆಸರು ನೋಡಿ ತನಗ ಆಶ್ಚರ್ಯ ಆಗೈತಿ, ಅದನ್ನ ಕೇಳಾಕೇ ಬಂದೇನಿ.

ಅಪ್ಪನ ಕೈಯಾಗ ಹೋಳಿಗಿ ಹಂಗೇ ಇತ್ತು. ಅಂವನ ಮಾರಿ ನೋಡಿ ನನಗ ಹೆದರಿಕಿ ಆತು. ಅಡಿಗಿಮನಿ ಬಾಗಲದಿಂದ ಆಯಿ ಕೇಳಿದ್ಳು.

“ಏನ್ ಮಾಡ್ತಿದ್ರಂತ ಅವರು?”

“ಕತ್ತಿ, ಆಯಿ. ಗಡ್ಡಾ ಕೆರಿಯೋ ಕತ್ತಿ.”

ಆಯಿ ನಕ್ಕಳು. ಬಾಯಾಗಿನ ಎಲಿ ಅಡಕಿ ಸೆರಗಿನ ಮ್ಯಾಲೆ ಬೀಳೂವಂಗ, ಮೈ ಕುಲುಕೂವಂಗ ನಕ್ಕಳು. ನಾನು ಹುಟ್ಟಿದಾಗಿಂದ ಆಕಿ ಹಂಗ ನಕ್ಕದ್ದು ನೋಡಿರಲಿಲ್ಲ. ನಕ್ಕೋತ ನಕ್ಕೋತ ಕಣ್ಣು ಒರಸ್ಕೊಂಡಳು, ಆಮ್ಯಾಲೆ ಎದ್ದು ಒಳಗ ಹೋಗಿ, ತನ್ನ ಟ್ರಂಕಿನ ಸಪ್ಪಳ ಮಾಡಿ, ಒಂದು ಚರ್ಮದ ಹಡಪ ತಂದು ಅಪ್ಪನ ತಾಟಿನ ಮಗ್ಗಲಕ ಇಟ್ಟಳು. ಹಡಪ ಅಂದ್ರ ಕ್ಷೌರ ಮಾಡೋರು ಹೆಗಲಿಗೆ ಹಾಕ್ಕೊಂಡು ಹೋಗೋ ಚೀಲ. ಒಳಗ ಕತ್ತರಿ, ಸಾಣಿಕಲ್ಲು, ಎಲುಬಿನ ಹಿಡಕಿಯ ಒಂದು ಕತ್ತಿ. ಅಲಗು ಸವದು ಸವದು ಬೆರಳಿನಷ್ಟು ಉಳದಿತ್ತು. ಸಾಹೇಬ ಕನ್ನಡಕ ಹಾಕ್ಕೊಂಡು ಅದನ್ನ ಕಿಡಕಿ ಬೆಳಕಿಗೆ ಹಿಡದ. ಹಿಡಕಿ ಹತ್ತಿರ ಕಬ್ಬಿಣದಾಗ ಕೊರದ ಅಕ್ಷರ. ಅಂವ ಓದಲಿಲ್ಲ, ಬರೇ ನನ್ನ ಕಡೆ ತಿರುಗಿಸಿದ. ನಾನೇ ಓದಿದೆ. ನಮ್ಮ ಬಾಗಲದ ಮ್ಯಾಲೆ ಇದ್ದದ್ದೇ ಅಲ್ಲೂ ಇತ್ತು.

“ನಮ್ಮ ಮಾವಂದು” ಅಂದ್ಳು ಆಯಿ. “ಹತ್ತಿ ವ್ಯಾಪಾರಿ ಒಬ್ಬಂವ ಮುಂಬೈಯಿಂದ ತಂದು ಕೊಟ್ಟಿದ್ದ. ಬೆಟಗೇರಿಯಾಗ ಅಂಥಾ ಕತ್ತಿ ಇನ್ನೊಬ್ಬರ ಹಂತ್ಯಾಕ ಇರಲಿಲ್ಲ. ಸಾಲಿ ಮಾಸ್ತರು ಗಡ್ಡಾ ಮಾಡಿಸ್ಕೊಳ್ಳೋವಾಗ ಆ ಹೆಸರು ಓದಿ ಹೇಳಿದ್ರು, ಅವತ್ತಿಂದ ಊರಮಂದಿ ಅದೇ ಹೆಸರು ಇಟ್ರು. ಕತ್ತಿ ಮನಿಯವರು ಅನ್ನಬೇಕಾದ್ದು, ಇವರು ಫೆಲ್ಡರ್‌ಹೋಫ್ ಮನಿಯವರು ಅಂದ್ರು. ಮಗನ್ನ ಸಾಲಿಗೆ ಹಾಕಿದಾಗ ಆ ಮಾಸ್ತರೇ ಬರಕೊಂಡ್ರು.”

“ಮತ್ತ ಇಂಜಿನಿಯರ್?” ಅಂದ ಅಪ್ಪ.

“ಯಾವ ಇಂಜಿನಿಯರ್ ಶಿವ್ಯಾ? ನಿಮ್ಮಪ್ಪ ರೈಲ್ವೆ ಸೇರಿದ, ಕ್ವಾರ್ಟರ್ಸಿನ್ಯಾಗ ಯಾವ ಪೈಕಿ ಅಂತ ಕೇಳಾಕ ಹತ್ತಿದ್ರು. ಅದಕ್ಕ ಕಟ್ಟಿದ. ನನಗ ಆಣಿ ಹಾಕಿಸಿದ, ಬಾಯಿ ಬಿಡಬ್ಯಾಡ ಅಂತ. ಇಷ್ಟು ವರ್ಷ ಬಿಟ್ಟಿಲ್ಲ. ಆದ್ರ ಈ ಹುಡುಗ ಸಮುದ್ರ ದಾಟಿ ಬಂದಾನ. ಅಂವಗೂ ಸುಳ್ಳೇ ಕಟ್ಟಿ ಕಳಸೂದು?”

ಎಪ್ಪತ್ತರ ಸಾಹೇಬಗ ಆಕಿ ಹುಡುಗ ಅಂದದ್ದಕ್ಕ ಬ್ಯಾರೆ ದಿವಸ ಆಗಿದ್ರ ನಾನು ಉರುಳಾಡಿ ನಗ್ತಿದ್ದೆ. ಅವತ್ತು ನಗು ಬರಲಿಲ್ಲ. ಯಾಕಂದ್ರ ಪಾಟೀಲ ಕಾಕಾ ಮೆಲ್ಲಕ ತಮ್ಮ ತಾಟು ಹಿಂದ ಸರಸಿದ್ರು. ಭಾಳ ನಾಜೂಕಿಲೆ, ಸಪ್ಪಳ ಆಗದಂಗ. ಹೋಳಿಗಿ ಮುರದಿದ್ರು, ಬಾಯಿಗೆ ಹಾಕಿರಲಿಲ್ಲ.

“ನಾ ನಡೀತೇನ್ರಿ ಶಿವಪ್ಪ. ಇನ್ನೊಂದು ಕಡೆ ಹೋಗೂದೈತಿ.”

“ಕಾಕಾ, ಊಟಾ?” ಅಂದ್ಳು ಅವ್ವ.

“ಆತಲ್ಲವ್ವಾ. ಹೊಟ್ಟಿ ತುಂಬೇತಿ.”

ಅಲ್ಲೀತನಕ ‘ಸಾಹೇಬ್ರ’ ಅಂತಿದ್ದ ಮನಷ್ಯಾ ಅಪ್ಪಗ ‘ಶಿವಪ್ಪ’ ಅಂದ. ನಾಗಪುರದ ಆ ಬಿಸಿಲಾಗ ಕೊಡಿ ಮರತು ಹೋದ, ವಾಪಸ್ ಬಂದು ಕೇಳಲಿಲ್ಲ. ಸಾಹೇಬಗ ಏನಾತು ಅಂತ ತಿಳೀಲಿಲ್ಲ, ಕ್ಷಮಾ ಕೇಳ್ಕೋತ ನನ್ನ ಮಾರಿ ನೋಡಿದ. ನಾನು ಏನಂತ ಅನುವಾದ ಮಾಡ್ಲಿ? ಜಾತಿ ಅನ್ನೋದಕ್ಕ ನನ್ನ ಇಂಗ್ಲಿಷಿನ್ಯಾಗ ಒಂದು ಶಬ್ದ ಇತ್ತು, ಖರೇ. ಆದ್ರ ಮುರದಿಟ್ಟ ಹೋಳಿಗಿಗೆ ಶಬ್ದ ಇರಲಿಲ್ಲ. ಹೆಂಗೋ ತಡವರಿಸಿ ಹೇಳಿದೆ. ಸಾಹೇಬ ಕತ್ತಿನ ಮೆಲ್ಲಕ ಮಡಚಿ ಹಡಪದಾಗ ಇಟ್ಟ. ‘ನಮ್ಮ ಊರಾಗ ನಾವು ಮಾಡಿದ ಕತ್ತಿ ಮನಿ ಮನಿಯಾಗ ಇದ್ದುವು, ನಮ್ಮ ಹೆಸರು ಬೇಕು ಅಂತ ಯಾರೂ ಇಟ್ಕೊಳ್ಳಲಿಲ್ಲ’ ಅಂದ. ಹೋಗೋವಾಗ ಆ ಗಿಡದ ಹಾಳಿ ಅಪ್ಪನ ಮುಂದ ಹಿಡದು, ಪೆನ್ಸಿಲ್ ತೆಗದು, ‘ಈ ಚುಕ್ಕಿ ಗೆರಿ ಇರಲೇನು, ಅಳಿಸಲೇನು?’ ಅಂತ ಕೇಳಿದ. ಅಪ್ಪ ಕೋಟಿನ ಗುಂಡಿ ಬಿಚ್ಚಾಕ ಹತ್ತಿದ. ಸಾಹೇಬ ಅಳಸದೇ ಹಾಳಿ ಮಡಚಿಕೊಂಡು ಹೋದ.

ಆಮ್ಯಾಲೆ ನಮ್ಮ ಮನಿಯಾಗ ಜರ್ಮನಿ ಸತ್ತೇ ಹೋತು. ಗಡಿಯಾರ ಹೊಡದ್ರೂ ಅಪ್ಪ ಊಟಕ್ಕ ಏಳ್ತಿರಲಿಲ್ಲ. ಐತವಾರ ಫೋರ್ಕು ಹೊರಗ ಬರಲಿಲ್ಲ, ರೊಟ್ಟಿಗೆ ಜೀವ ಬಂತು. ಬಳಗದ ಕೂಟಕ್ಕ ಅಪ್ಪ ಹೋಗೋದು ಬಿಟ್ಟ, ಅಲ್ಲಿಂದಲೂ ಯಾರೂ ಯಾಕ ಬಂದಿಲ್ಲ ಅಂತ ಕೇಳಲಿಲ್ಲ. ನಾನು ನಗಸಾಕ ನೋಡಿದೆ. ಸದ್ಯ ಆ ವ್ಯಾಪಾರಿ ಬಸಪ್ಪಜ್ಜಗ ಕತ್ತಿ ಕೊಟ್ಟ, ಹೊಲಿಗಿ ಮಷೀನ್ ಕೊಟ್ಟಿದ್ರ ನಮ್ಮ ಹೆಸರು ಏನಿರ್ತಿತ್ತಪಾ ಅಂದೆ. ಅಪ್ಪ ಎದ್ದು ಗ್ಯಾಲರಿಗೆ ಹೋದ. ನನ್ನ ಜೀವನದಾಗ ಅಷ್ಟು ಕೆಟ್ಟ ಜೋಕು ನಾನು ಮತ್ತ ಮಾಡಿಲ್ಲ. ಒಂದು ದಿವಸ ತಡೀಲಾರದೇ ಅಂವ ಆಯಿ ಮ್ಯಾಲೆ ಹರಿಹಾಯ್ದ.

“ಇಷ್ಟು ವರ್ಷ ಮುಚ್ಚಿಟ್ಟಾಕಿ, ಅವತ್ತೇ ಯಾಕ ಹೇಳಿದಿ? ಕಾಕಾನ ಮುಂದೇ ಯಾಕ? ನನ್ನ ಮಾನ ಮೂರು ಪಾಲಾತು.”

“ನಿನ್ನ ಮಾನ ಆ ಇಂಜಿನಿಯರ್ ಹಂತ್ಯಾಕ ಇತ್ತೇನು? ಅಂವ ಹುಟ್ಟಿದವನೇ ಅಲ್ಲ, ಅಂವನ ಹಂತ್ಯಾಕ ನೀ ಮಾನ ಇಟ್ಟಿದ್ದಿ.” ಆಯಿ ದನಿ ಏರಲಿಲ್ಲ. “ನಿಮ್ಮಜ್ಜನ ಕೈಯಾಗ ದಿನಾ ಊರಿನ ಕುತ್ತಿಗಿ ಇರ್ತಿದ್ದುವು. ಗೌಡಂದು, ಶೆಟ್ಟಿದು, ಎಲ್ಲಾರದು. ಒಬ್ಬರಿಗೂ ಒಂದು ಗೀರು ಬೀಳಲಿಲ್ಲ. ಅಂಥವನ ಮೊಮ್ಮಗ ಅಂತ ಹೇಳಾಕ ನಿನಗ ನಾಚಿಕಿ.”

ಅವ್ವ ಮಧ್ಯೆ ಬಾಯಿ ಹಾಕಲಿಲ್ಲ, ಅದೇ ನನಗ ದೊಡ್ಡ ಆಘಾತ. ಬ್ಯಾಸಿಗಿ ಹೋತು, ಮಳಿ ಬಂದು ಹೋತು. ನವೆಂಬರ್‌ದಾಗ ಬಳಗದ ರಾಜ್ಯೋತ್ಸವ. ಅವತ್ತು ಮುಂಜಾನೆ ಅಪ್ಪ ಗ್ಯಾಲರಿಯೊಳಗ ಒಂದೇ ಸವನೆ ತಿರಗ್ಯಾಡಾಕ ಹತ್ತಿದ. ಆಯಿ ನೋಡಿ ನೋಡಿ ಅಂದ್ಳು:

“ಹೋಗು. ಕುರ್ಚಿ ಹಾಕಾಕ ಬ್ಯಾಡ, ಕುಂದ್ರಾಕ ಹೋಗು.”

ಸಭಾಗೃಹದಾಗ ನಾವು ನಾಲ್ಕೂ ಮಂದಿ ಮೊದಲನೇ ಸಾಲಿನ್ಯಾಗ ಕುಂತಿವಿ. ಅಂದ್ರ ಜಗಾ ಸಿಕ್ಕದ್ದಲ್ಲ, ನಾವು ಕುಂತ ಮ್ಯಾಲೆ ಮಗ್ಗಲಿನವರು ಹಿಂದಿನ ಸಾಲಿಗೆ ಹೋದ್ರು. ಸುದ್ದಿ ಸಾವನೇರತನಕ ಹೋಗಿತ್ತು ಅಂದ್ರ ಲಕ್ಷ್ಮೀ ನಗರ ದಾಟೂದು ಎಷ್ಟರ ಮಾತು. ನಾಡಗೀತೆ ಆತು, ಹುಡುಗಿಯರ ಕುಣಿತ ಆತು. ಪಾಟೀಲ ಕಾಕಾ ಮೈಕ್ ಹಿಡದು ಎಲ್ಲಾರಿಗೂ ಸ್ವಾಗತ ಹೇಳಿದ್ರು. ಹೇಳ್ಕೋತ ನಮ್ಮ ಕಡೆ ಕಣ್ಣು ಬಿತ್ತು. ಸವಿ ಮಾತು, ಸಣ್ಣ ನಗಿ.

“ನಮ್ಮ ಜರ್ಮನ್ ಸಾಹೇಬ್ರೂ ಭಾಳ ದಿವಸಕ್ಕ ಬಂದಾರ. ಬರ್ರಿ ಸಾಹೇಬ್ರ, ತಮ್ಮ ಮನೆತನದ ಇತಿಹಾಸ ಒಂದೆರಡು ಮಾತು ಹೇಳ್ರಿ.”

ಹಿಂದಿನ ಸಾಲುಗಳಾಗ ಕಿಸಿಕಿಸಿ. ಅವ್ವ ಅಪ್ಪನ ಅಂಗಿ ಹಿಡಕೊಂಡ್ಳು. ಅಪ್ಪ ಬಿಡಿಸ್ಕೊಂಡು ಎದ್ದ. ಇಂಜಿನಿಯರ್ ಕತಿನೇ ಮತ್ತ ಹೇಳಿಬಿಡ್ತಾನೇನೋ, ಎಲ್ಲಾರೂ ನಗ್ತಾರೇನೋ ಅಂತ ನಾನು ಕಣ್ಣು ಮುಚ್ಚಿದೆ. ಇಷ್ಟು ವರ್ಷ ಹಲೋ ಹಲೋ ಅಂತ ಮೈಕ್ ಪರೀಕ್ಷೆ ಮಾಡಿ ಇಳೀತಿದ್ದಂವ ಅವತ್ತು ಅದರ ಮುಂದ ನಿಂತ.

“ನಮಸ್ಕಾರ್ರಿ. ನಾವು ಬೆಟಗೇರಿಯವರು. ಹಡಪದ ಪೈಕಿ. ನಮ್ಮಜ್ಜ ಕ್ಷೌರ ಮಾಡ್ತಿದ್ದ. ಫೆಲ್ಡರ್‌ಹೋಫ್ ಅನ್ನೋದು ಅಂವನ ಕತ್ತಿ ಮ್ಯಾಲೆ ಇದ್ದ ಹೆಸರು. ಜರ್ಮನಿಯವರು ಮಾಡಿದ್ರು, ನಾವು ಹಿಡದ್ವಿ.”

ಕಿಸಿಕಿಸಿ ನಿಂತಿತು. ನಾನು ಕಣ್ಣು ತೆರದೆ. ಅಪ್ಪ ಇಳದು ಬರ್ತಾನ ಅಂತ ನೋಡಿದ್ರ, ಅಂವ ಮೈಕ್ ಬಿಡದೇ ಪಾಟೀಲ ಕಾಕಾನ ಕಡೆ ತಿರುಗಿ, ಅವರ ಮಾರಿನ ಎಡಕ್ಕ ಒಮ್ಮೆ ಬಲಕ್ಕ ಒಮ್ಮೆ ಬಾಗಿ ನೋಡಿದ. ಇಂಜಿನ್ ನೋಡಿದಂಗ ನೋಡಿದ.

“ಪಾಟೀಲರ, ಎಡಗಿವಿ ಕೆಳಗ ಗಡ್ಡಾ ಹಂಗೇ ಬಿಟ್ಟಾರಲ್ರಿ. ಯಾರ ಕಡೆ ಮಾಡಿಸಿದ್ರಿ?”

ಸಭಾಗೃಹಕ್ಕ ಸಭಾಗೃಹವೇ ಕಾಕಾನ ಎಡಗಿವಿ ಕಡೆ ತಿರುಗಿತು. ಅಲ್ಲಿ ಏನೂ ಉಳದಿರಲಿಲ್ಲ. ನಾನು ಮೊದಲನೇ ಸಾಲಿನ್ಯಾಗ ಕುಂತಿದ್ದೆ, ನನಗ ಬರೋಬರ್ ಕಾಣ್ತಿತ್ತು. ಗಲ್ಲ ಕನ್ನಡಿಯಂಗ ನುಣ್ಣಗಿತ್ತು. ಆದ್ರ ಕಾಕಾನ ಕೈ ಮ್ಯಾಲೆದ್ದು ಅಲ್ಲಿಗೆ ಹೋಗಿಬಿಟ್ಟಿತ್ತು, ಹೋಗಿ ಹುಡುಕಾಕ ಹತ್ತಿತ್ತು.